ಆಂಪ್ಲಿಫೈಯರ್‌ನ ಫ್ಯೂಸ್ ಪವರ್ ವೈರನ್ನು ಕಾಯುವುದಿಲ್ಲ

‘ಆಂಪ್ಲಿಫೈಯರ್‌ನಲ್ಲೇ ಫ್ಯೂಸ್ ಇರುತ್ತೆ, ಬ್ಯಾಟರಿ ಹತ್ತಿರ ಇನ್ನೊಂದು ದಂಡ’ ಎಂದು ಕಾರಿಗೆ ಮ್ಯೂಸಿಕ್ ಆಂಪ್ಲಿಫೈಯರ್ ಹಾಕಿಸುವವರಿಗೆ ಒಂದು ಸಲಹೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು, ಅಪಾಯಕಾರಿ ಕೂಡ.

ಆ ಫ್ಯೂಸ್ ಕಾಯುವುದು ಆಂಪ್ಲಿಫೈಯರನ್ನು ಮಾತ್ರ. ಬಾನೆಟ್‌ನಿಂದ ಡಿಕ್ಕಿಯವರೆಗಿನ ನಾಲ್ಕೈದು ಮೀಟರ್ ವೈರ್ ಅದಕ್ಕೂ ಮುಂಚೆಯೇ ಇದೆಯಲ್ಲ! ಎಂಜಿನ್ ಹಿಂದಿನ ತಗಡಿನ ತೂತಿಗೆ ರಬ್ಬರ್ ಗ್ರೋಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಹಾಕದಿದ್ದರೆ, ಗಾಡಿ ಅಲುಗಿದಂತೆಲ್ಲ ತಗಡಿನ ಅಂಚು ಇನ್ಸುಲೇಶನ್ ಕೊಯ್ಯುತ್ತದೆ. ಒಳಗಿನ ತಾಮ್ರ ಕಾರಿನ ಲೋಹದ ಮೈಗೆ ತಾಗಿದ ಕೂಡಲೇ ಬ್ಯಾಟರಿ ನೂರಾರು ಆಂಪಿಯರ್ ಹರಿಸುತ್ತದೆ. ಆ ಕರೆಂಟು ಆಂಪ್ಲಿಫೈಯರ್ ತನಕ ಹೋಗುವುದೇ ಇಲ್ಲ, ಅಲ್ಲಿನ ಫ್ಯೂಸ್ ಹಾರುವುದು ಹೇಗೆ? ವೈರ್ ಕಾದು ಕಾರ್ಪೆಟ್‌ಗೇ ಬೆಂಕಿ ಹತ್ತಬಹುದು.

ಬ್ಯಾಟರಿಯ ಪ್ಲಸ್‌ನಿಂದ 45 ಸೆಂ.ಮೀ. ಒಳಗೆ ಫ್ಯೂಸ್ ಇರಲೇಬೇಕು. ಆಂಪ್ಲಿಫೈಯರ್‌ನಲ್ಲಿ 30ರ ಎರಡು ಫ್ಯೂಸ್ ಇದ್ದರೆ ಇಲ್ಲಿ 60 ಆಂಪಿಯರ್ ಸಾಕು. ವೈರ್ ಅಪ್ಪಟ ತಾಮ್ರದ 4 ಗೇಜ್, ಅಂದರೆ ಸುಮಾರು 21 ಚದರ ಮಿ.ಮೀ. ಅಗ್ಗದ ಕಿಟ್‌ಗಳಲ್ಲಿ ಹೆಚ್ಚಾಗಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಬರುತ್ತದೆ. ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ.

ಫ್ಯೂಸ್ ಪದೇ ಪದೇ ಹಾರಿದರೆ 100ರದ್ದು ತುರುಕಬೇಡಿ, ವೈರ್ ಎಲ್ಲಿ ಉಜ್ಜುತ್ತಿದೆ ಹುಡುಕಿ. ಕೆಲಸ ಮುಗಿಯುವವರೆಗೆ ಬ್ಯಾಟರಿಯ ಮೈನಸ್ ಬಿಚ್ಚಿರಲಿ. ಫ್ಯೂಸ್ ಹಾಕುವುದು ಎಲ್ಲ ಜೋಡಣೆ ಆದ ಮೇಲೆ.