ತಲೆಬಾಗಿಲು

ಮಗಳು ಪ್ಯಾರಿಸ್‌ನಲ್ಲಿ ಕೆಲಸಕ್ಕಿದ್ದಾಳೆ. ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತು ಅಂತ ಏನಾದರೂ ಕೊಡಿಸುವ ಹಟ ಅವಳಿಗೆ. ಒಂದು ಒಳ್ಳೇ ಮಿಕ್ಸಿ ಸಾಕು ಅಂದೆ. ಕೇಳಲಿಲ್ಲ. "ಅಪ್ಪಾ, ಹೇಗೂ ಜೂನ್‌ನಲ್ಲಿ ಬರ್ತಿದೀರಿ, ಎರಡು ರಾತ್ರಿ ರಾಜ ರಾಣಿ ಥರ ಇದ್ದು ಬನ್ನಿ" ಅಂತ ಲ್ವಾರ್ ನದಿಯ ಕಣಿವೆಯಲ್ಲಿ, ಈಗ ಹೋಟೆಲ್ ಆಗಿರುವ ಒಂದು ಹಳೇ ಶಾಟೋದಲ್ಲಿ ರೂಮು ಬುಕ್ ಮಾಡಿಯೇ ಬಿಟ್ಟಳು. ತಾನು ಮಾತ್ರ ಬರಲಿಲ್ಲ, ಆಫೀಸಂತೆ. ಅಂದರೆ ಫ್ರೆಂಚ್ ಬರುವ ಒಬ್ಬಳನ್ನು ಬಿಟ್ಟು, ಬಾರದ ಇಬ್ಬರು ಹೊರಟೆವು.

ಪ್ಯಾರಿಸ್‌ನ ಮೋಂಪರ್ನಾಸ್ ಸ್ಟೇಷನ್ನಿನಲ್ಲಿ ಟಿಜಿವಿ ರೈಲು ಹತ್ತಿದರೆ ಒಂದೂಕಾಲು ಗಂಟೆಗೆ ತೂರ್. ಹೌದು, ಊರಿನ ಹೆಸರೇ ತೂರ್. ಆಗ ನಕ್ಕೆವು. ಅದು ಹೆಸರಲ್ಲ, ಎಚ್ಚರಿಕೆ ಅಂತ ಆಮೇಲೆ ಗೊತ್ತಾಯ್ತು.

ಶಾಟೋ ದೂರದಿಂದ ನೋಡಲು ಬಹಳ ಚೆಂದ. ಕಪ್ಪು ಸ್ಲೇಟಿನ ಸೂರು, ಮೂಲೆಗೊಂದು ಗೋಪುರ, ಬೆಳ್ಳಗಿನ ಗೋಡೆ. ಆ ಬಿಳಿ ಕಲ್ಲಿಗೆ ತುಫೋ ಅನ್ನುತ್ತಾರೆ. ಆ ಕಡೆಯ ಅರಮನೆಗಳೆಲ್ಲ ಹೆಚ್ಚಾಗಿ ಅದೇ ಕಲ್ಲಿನವು. ಸುಣ್ಣದಕಲ್ಲು, ತುಂಬಾ ಮೆದು, ಕೆತ್ತುವುದು ಸುಲಭ ಅಂತ ರೈಲಿನಲ್ಲಿ ಓದಿಕೊಂಡು ಬಂದಿದ್ದೆ. ಮೆದು ಅನ್ನುವ ವಿಷಯದಲ್ಲಿ ನನ್ನ ಹಣೆಗೆ ಈಗ ಬೇರೆ ಅಭಿಪ್ರಾಯವಿದೆ.

ಮಾಲಕಿ ಎಪ್ಪತ್ತು ದಾಟಿದ ಅಜ್ಜಿ, ಬೆನ್ನು ಮಾತ್ರ ಕೋಲಿನ ಹಾಗೆ ನೆಟ್ಟಗೆ. "ಬೋಂಜೂರ್ ಮದಾಮ್" ಅಂದೆ, ಖುಷಿಯಾದರು. ಅಲ್ಲಿಗೆ ನನ್ನ ಫ್ರೆಂಚ್ ಮುಗಿಯಿತು. ರೂಮು ಮೂರನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಹದಿನಾರನೇ ಶತಮಾನದಲ್ಲಿ ಕಟ್ಟಿದವರಿಗೆ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಎರಡು ಕೆಜಿ ಅವಲಕ್ಕಿ ತುಂಬಿಕೊಂಡು ಒಬ್ಬ ಬರುತ್ತಾನೆ ಅಂತ ಹೇಗೆ ಗೊತ್ತಾಗಬೇಕು, ಅಲ್ವಾ? ಶಂಖದ ಹಾಗೆ ಸುತ್ತುವ ಕಲ್ಲಿನ ಮೆಟ್ಟಿಲಲ್ಲಿ ಆ ಸೂಟ್‌ಕೇಸನ್ನು ನಾನು ಮುಂದಿನಿಂದ ಎಳೆದೆ, ಅವಳು ಹಿಂದಿನಿಂದ ತಳ್ಳಿದಳು, ಎರಡನೇ ಸುತ್ತಿನಲ್ಲಿ ಯಾರು ಮುಂದೆ ಯಾರು ಹಿಂದೆ ಅನ್ನುವುದೇ ತಿಳಿಯದೆ ಇಬ್ಬರೂ ಸ್ವಲ್ಪ ಹೊತ್ತು ಸೂಟ್‌ಕೇಸಿನ ಮೇಲೇ ಕೂತೆವು.

ರೂಮು ನಮ್ಮೂರಿನ ಶಾಲೆಯ ಎರಡು ಕ್ಲಾಸಿನಷ್ಟಿತ್ತು. ಅಷ್ಟಕ್ಕೂ ಒಂದೇ ಒಂದು ಪ್ಲಗ್ ಪಾಯಿಂಟು, ಅದೂ ಮಂಚದಿಂದ ಹದಿನೈದು ಹೆಜ್ಜೆ ಆಚೆ, ಬೆಂಕಿಗೂಡಿನ ಪಕ್ಕ. ಕಿಟಕಿಯ ಎದುರಿಗೆ ಸಿಂಹದ ಕಾಲುಗಳ ಮೇಲೆ ನಿಂತ ಸ್ನಾನದ ತೊಟ್ಟಿ. ಪರದೆ ಇಲ್ಲ. ಕೈಯಲ್ಲಿ ಹಿಡಿಯುವ ಷವರು. ಒಂದು ಕೈಲಿ ಷವರು, ಇನ್ನೊಂದು ಕೈಲಿ ಸೋಪು ಹಿಡಿದರೆ ಜಾರದ ಹಾಗೆ ತೊಟ್ಟಿಯ ಅಂಚು ಹಿಡಿಯಲು ಮೂರನೇ ಕೈ ಬೇಕು. ಒಂದು ಬಕೆಟ್ಟು, ಒಂದು ಚೊಂಬು ಇದ್ದಿದ್ದರೆ ಆ ರಾಜರಿಗೂ ಎಷ್ಟು ಅನುಕೂಲವಾಗುತ್ತಿತ್ತು.

ಊಟ ಏಳೂವರೆಗೆ. ನಮಗೆ ಹಸಿವಾದದ್ದು ನಾಲ್ಕಕ್ಕೆ. ಅಲ್ಲಿ ಮಧ್ಯಾಹ್ನದ ಊಟದ ಹೊತ್ತು ಮುಗಿಯಿತು ಅಂದರೆ ಅಡುಗೆಮನೆ ಮುಚ್ಚಿತು, ಮತ್ತೆ ಸಂಜೆಯೇ. ಅವಲಕ್ಕಿ ನೆನೆಸೋಣ ಅಂದರೆ ರೂಮಿನಲ್ಲಿ ಬಿಸಿನೀರಿನ ಕೆಟಲ್ ಇಲ್ಲ. ಕೆಳಗೆ ಹೋಗಿ ಕೈಸನ್ನೆಯಲ್ಲಿ ಬಿಸಿನೀರು ಕೇಳಿದೆ. ಮದಾಮ್ ಮುದ್ದಾದ ಒಂದು ಕಪ್ಪಿನಲ್ಲಿ ಬಿಸಿನೀರು, ಅದರ ಪಕ್ಕದಲ್ಲಿ ಯಾವುದೋ ಹೂವಿನ ಚಹಾ ಪೊಟ್ಟಣ ಇಟ್ಟುಕೊಟ್ಟರು. ಹೂವನ್ನು ಜೇಬಿಗೆ ಹಾಕಿಕೊಂಡು ನೀರನ್ನು ಅವಲಕ್ಕಿಗೆ ಸುರಿದೆವು.

ಏಳೂವರೆಗೆ ಇನ್ನೂ ಮಟಮಟ ಬಿಸಿಲು. ಜೂನ್‌ನಲ್ಲಿ ಅಲ್ಲಿ ಕತ್ತಲಾಗುವುದು ಹತ್ತರ ಮೇಲೆ. ಊಟದ ಹಾಲಿಗೆ ಹೋಗುವ ಬಾಗಿಲು ಗಿಡ್ಡ. ಮದಾಮ್ ತಮ್ಮ ತಲೆ ತಟ್ಟಿಕೊಂಡು "ಲಾ ತೆತ್, ಲಾ ತೆತ್" ಅಂದರು. ತೆತ್ ಅಂದರೆ ತಲೆ. ನಾನು ಬಗ್ಗಿ ಒಳಗೆ ಹೋದೆ. ಸಾಗರದ ಕಡೆಯ ಹಳ್ಳಿಯಲ್ಲಿ ಬೆಳೆದವನು ನಾನು. "ತಲೆ ಬಾಗಿ ಬಂದ್ರೆ ತಲೆಬಾಗಿಲು, ಇಲ್ದಿದ್ರೆ ತಲೆಗೇ ಬಾಗಿಲು" ಅಂತ ನಮ್ಮಜ್ಜಿ ದಿನಾ ಹೇಳುತ್ತಿದ್ದರು. ಇವರೆಲ್ಲ ನನಗೇನು ಕಲಿಸುವುದು ಅಂತ ಸಣ್ಣ ಜಂಬವೂ ಬಂತು.

ಮಾಂಸ ಬೇಡ ಅಂತ ಮಗಳು ಮೊದಲೇ ಬರೆದಿದ್ದಳು. ಹಾಗಾಗಿ ಆಡಿನ ಹಾಲಿನ ಚೀಸು ಬಂತು. ಸೇಂತ್ ಮೋರ್ ದ ತೂರೇನ್ ಅಂತ ಆ ಕಡೆಯ ಹೆಸರುವಾಸಿ ಚೀಸು. ನೋಡಲು ಸಣ್ಣ ಕೊರಡಿನ ಹಾಗೆ, ಮೇಲೆಲ್ಲ ಬೂದಿ ಬಳಿದ ಬಣ್ಣ. ಇವಳು ಕತ್ತರಿಸಿದಳು. ಒಳಗೆ ಹುಲ್ಲುಕಡ್ಡಿ! "ರೀ, ಕೊಟ್ಟಿಗೆಯಿಂದ ನೇರ ತಂದಿದ್ದಾರೆ ಕಣ್ರೀ" ಅಂತ ಪಿಸುಗುಟ್ಟಿ, ಮರ್ಯಾದೆಯಿಂದ ಆ ಕಡ್ಡಿಯನ್ನು ಎಳೆದು ಕರವಸ್ತ್ರದಲ್ಲಿ ಸುತ್ತಿಟ್ಟಳು. ಬಡಿಸುವ ಹುಡುಗ ಗಾಬರಿಯಾದ. ಅವನ ಅರ್ಧ ಇಂಗ್ಲಿಷಿನಲ್ಲಿ ಅರ್ಥವಾದದ್ದು ಇಷ್ಟು: ಚೀಸಿನ ಕೊರಡು ಮುರಿಯದಿರಲಿ ಅಂತಲೇ ಆ ರೈ ಹುಲ್ಲಿನ ಕಡ್ಡಿ ಇಡುತ್ತಾರೆ, ತಯಾರಿಸಿದವರ ಗುರುತನ್ನು ಅದರ ಮೇಲೇ ಕೊರೆದಿರುತ್ತಾರೆ. ನಮ್ಮ ಐಎಸ್‌ಐ ಮಾರ್ಕಿನ ಹಾಗೆ. ಇವಳು ಅಸಲಿತನವನ್ನೇ ಕಿತ್ತು ಪಕ್ಕಕ್ಕಿಟ್ಟಿದ್ದಳು. ಕನ್ನಡಕ ಹಾಕಿಕೊಂಡು ನೋಡಿದರೆ ಹೌದು, ಕಡ್ಡಿಯ ಮೇಲೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರ.

ಆ ರಾತ್ರಿ ಮರದ ಕಿಟಕಿ ಬಾಗಿಲು ಮುಚ್ಚಿದ ಮೇಲೆ ಕೋಣೆಯಲ್ಲಿ ಎಂಥ ಕತ್ತಲು ಅಂದರೆ ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಮುಟ್ಟಿ ನೋಡಿಕೊಳ್ಳಬೇಕು. ಯಾವಾಗಲೋ ಊರಿನ ಚರ್ಚಿನ ಗಂಟೆ ಢಣ್ ಢಣ್ ಢಣ್ ಅಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಢಣ್ ಢಣ್ ಢಣ್.

"ರೀ, ಆರು ಗಂಟೆ ಆಯ್ತು, ಏಳಿ."

ಫೋನು ನೋಡಬಹುದಿತ್ತು. ಆದರೆ ಅದು ಹದಿನೈದು ಹೆಜ್ಜೆ ಆಚೆ, ಬೆಂಕಿಗೂಡಿನ ಹತ್ತಿರ ಚಾರ್ಜಿಗೆ ಹಾಕಿತ್ತು. ದೀಪ ಹಾಕಿ, ಸಿಂಹದ ಕಾಲಿನ ತೊಟ್ಟಿಯಲ್ಲಿ ಒಬ್ಬರಾದ ಮೇಲೆ ಒಬ್ಬರು ಸ್ನಾನ ಮಾಡಿ, ಅವಳು ಸೀರೆ ಉಟ್ಟು, ನಾನು ತಲೆಗೆ ಎಣ್ಣೆ ಹಚ್ಚಿ ಕ್ರಾಪು ತೆಗೆದು, ತಿಂಡಿಗೆ ಅಂತ ಇಳಿದೆವು. ಮೆಟ್ಟಿಲ ಕಿಂಡಿಯ ಹೊರಗೆ ಕಗ್ಗತ್ತಲು. "ಮೋಡ ಇರ್ಬೇಕು" ಅಂದೆ. "ಇನ್ನೂ ಯಾರೂ ಎದ್ದೇ ಇಲ್ಲ, ಸೋಮಾರಿಗಳು" ಅಂದಳು. ನಾನು ಹಿಂದೆ ತಿರುಗಿ ಅವಳಿಗೆ ಏನೋ ಉತ್ತರ ಕೊಡುತ್ತಾ ಊಟದ ಹಾಲಿಗೆ ನುಗ್ಗಿದೆ.

ಢಣ್.

ಇದು ಚರ್ಚಿನದ್ದಲ್ಲ.

ಮದಾಮ್ ನೈಟ್‌ಗೌನಿನಲ್ಲಿ ಟಾರ್ಚ್ ಹಿಡಿದು ಓಡಿಬಂದರು. ಫ್ರೆಂಚರು ನಿಜವಾಗಿಯೂ "ಓ ಲಾ ಲಾ" ಅನ್ನುತ್ತಾರೆ, ಸುಮ್ನೆ ಕಟ್ಟಿದ ಕಥೆಯಲ್ಲ ಅದು. ನೆಲದ ಮೇಲೆ ಕೂತ ನನ್ನನ್ನೂ, ರೇಷ್ಮೆ ಸೀರೆಯಲ್ಲಿ ನಿಂತ ಇವಳನ್ನೂ, ಗೋಡೆಯ ಗಡಿಯಾರವನ್ನೂ ಮೂರು ಸಲ ನೋಡಿದರು. ಗಡಿಯಾರದಲ್ಲಿ ಮೂರೂ ಮುಕ್ಕಾಲು. ಆ ಊರಿನ ಗಂಟೆ, ಕೇಳಿಸಿಕೊಳ್ಳದವರಿಗಾಗಿ ಅದೇ ಹೊತ್ತನ್ನು ಎರಡು ಸಲ ಹೊಡೆಯುತ್ತದಂತೆ. ನಾವು ಕೂಡಿಸಿಬಿಟ್ಟಿದ್ದೆವು. ಮದಾಮ್ ಫ್ರಿಜ್ಜಿನಿಂದ ತಣ್ಣಗಿನ ವೂವ್ರೇ ವೈನ್ ಬಾಟಲಿ ತಂದು ನನ್ನ ಹಣೆಗೆ ಒತ್ತಿದರು. ವೈನ್ ಕುಡಿಯದ ನನಗೆ ಆ ನಾಡಿನ ವೈನು ಉಪಯೋಗಕ್ಕೆ ಬಂದದ್ದು ಹಾಗೆ.

ಬೆಳಿಗ್ಗೆ, ಅಂದರೆ ನಿಜವಾದ ಬೆಳಿಗ್ಗೆ, ಆ ಹುಡುಗನನ್ನು ಕೇಳಿದೆ: ಬಾಗಿಲನ್ನು ಒಂದು ಗೇಣು ಎತ್ತರ ಮಾಡಿಸಬಾರದಾ? ಆಗಲ್ಲ ಸಾರ್, ಕಟ್ಟಡ ಐತಿಹಾಸಿಕ ಸ್ಮಾರಕಗಳ ಪಟ್ಟಿಯಲ್ಲಿದೆ, ಒಂದು ಕಲ್ಲು ಅಲುಗಿಸಬೇಕಾದರೂ ಸರ್ಕಾರದ ಒಪ್ಪಿಗೆ ಬೇಕು ಅಂದ. ಕಲ್ಲು ಪಟ್ಟಿಯಲ್ಲಿದೆ. ನನ್ನ ತಲೆ ಯಾವ ಪಟ್ಟಿಯಲ್ಲೂ ಇಲ್ಲ.

ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟೆ ಹೊತ್ತುಕೊಂಡೇ ಆಂಬ್ವಾಜ್ ಅರಮನೆ ನೋಡಲು ಹೋದೆ. ಹೋಗಬಾರದಿತ್ತು. ಇವಳು ಫೋನಿನಲ್ಲಿ ಅಲ್ಲಿಯ ಕಥೆ ಓದುತ್ತಾ ಬಂದವಳು ಗಕ್ಕನೆ ನಿಂತಳು. 1498ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ದೊರೆ ಎಂಟನೇ ಚಾರ್ಲ್ಸ್, ಅವರು ಶಾರ್ಲ್ ಅನ್ನುತ್ತಾರೆ, ಇದೇ ಅರಮನೆಯಲ್ಲಿ ಚೆಂಡಾಟ ನೋಡಲು ಹೋಗುತ್ತಾ ಗಿಡ್ಡ ಬಾಗಿಲಿಗೆ ತಲೆ ಹೊಡೆದುಕೊಂಡ. ಏನೂ ಆಗದವನ ಹಾಗೆ ಮಾತಾಡುತ್ತಾ ಆಟ ನೋಡಿದ. ಆಮೇಲೆ ಇದ್ದಕ್ಕಿದ್ದಂತೆ ಕುಸಿದು, ಸುಮಾರು ಒಂಬತ್ತು ಗಂಟೆ ಹಾಗೇ ಬಿದ್ದಿದ್ದು ತೀರಿಕೊಂಡ. ಇಪ್ಪತ್ತೇಳು ವರ್ಷ.

ನಾನೂ ಏನೂ ಆಗದವನ ಹಾಗೆ ಮಾತಾಡುತ್ತಿದ್ದೆ.

ಪೆಟ್ಟು ಬಿದ್ದದ್ದು ಮೂರೂ ಮುಕ್ಕಾಲಿಗೆ. ಒಂಬತ್ತು ಕೂಡಿಸಿದರೆ ಮುಕ್ಕಾಲು ಹನ್ನೆರಡು... ಅಲ್ಲ, ಹನ್ನೆರಡೂ ಮುಕ್ಕಾಲು. ನೋಡಿ, ಲೆಕ್ಕವೂ ತಪ್ಪುತ್ತಿದೆ! ಅದೇ ಆವರಣದ ಪುಟ್ಟ ಚಾಪೆಲ್‌ನಲ್ಲಿ ಲಿಯೊನಾರ್ಡೊ ಡ ವಿಂಚಿಯ ಸಮಾಧಿ ಇದೆ. ಜಗತ್ತೆಲ್ಲ ಅದನ್ನು ಭಕ್ತಿಯಿಂದ ನೋಡುತ್ತಿತ್ತು, ನಾನು ನನ್ನ ಬುಗುಟೆ ಮುಟ್ಟಿಕೊಂಡು ವಾಚು ನೋಡುತ್ತಿದ್ದೆ. ಇವಳು ಮುಂದಕ್ಕೆ ಓದಿದಳು: ರಾಜನಿಗೆ ಮಕ್ಕಳು ಉಳಿದಿರಲಿಲ್ಲ, ಹಾಗಾಗಿ ರಾಣಿ ಆನ್, ಮದುವೆಯ ಒಪ್ಪಂದದಲ್ಲೇ ಇದ್ದ ಹಾಗೆ, ಮುಂದಿನ ರಾಜನನ್ನು ಮದುವೆಯಾದಳು. ಈ ಭಾಗವನ್ನು ಇವಳು ಎರಡು ಸಲ ಓದಿದ್ದು ಯಾಕೆ ಅಂತ ನಾನು ಕೇಳಲಿಲ್ಲ. ಹನ್ನೆರಡೂ ಮುಕ್ಕಾಲು ದಾಟಿತು. ಒಂದಾಯಿತು. ಇಬ್ಬರೂ ಐಸ್‌ಕ್ರೀಂ ತಿಂದೆವು, ನಾನು ಎರಡು.

ಎರಡನೇ ರಾತ್ರಿ ಫೋನು ದಿಂಬಿನ ಕೆಳಗಿತ್ತು. ಗಂಟೆ ಹೊಡೆದಾಗಲೆಲ್ಲ ಎರಡರಿಂದ ಭಾಗಿಸಿದೆವು.

ಹೊರಡುವ ದಿನ ಮದಾಮ್ ಊಟದ ಹಾಲಿಗೆ ಕರೆದು ದಪ್ಪ ಪುಸ್ತಕವೊಂದನ್ನು ತೆರೆದಿಟ್ಟರು, ಅತಿಥಿಗಳು ಅಭಿಪ್ರಾಯ ಬರೆಯುವುದು. ಇವಳು ಪೆನ್ನು ತೆಗೆದುಕೊಂಡು ದುಂಡಗಿನ ಅಕ್ಷರದಲ್ಲಿ ಕನ್ನಡದಲ್ಲೇ ಬರೆದಳು: "ದಯವಿಟ್ಟು ತಲೆ ಬಗ್ಗಿಸಿ ಒಳಗೆ ಬನ್ನಿ." ಮುಂದೆ ಯಾರಾದರೂ ಕನ್ನಡದವರು ಬಂದರೆ ಉಪಯೋಗಕ್ಕೆ ಬರಲಿ ಅಂತ. ತೂರ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ನನಗೆ ಹೊಳೆಯಿತು, ಆ ಪುಸ್ತಕ ಇರುವುದು ಬಾಗಿಲಿನ ಒಳಗಡೆ.