ಫೋಟೋದವನ ಬ್ಯಾಗು

ಛತ್ರದೊಳಗೆ ಕಾಲಿಟ್ಟ ಕೂಡಲೇ ಯಾರಾದರೊಬ್ಬರು ಕೇಳೇ ಕೇಳುತ್ತಾರೆ. "ಏನ್ರೀ ಫೋಟೋದವ್ರೇ, ಒಂದು ಫೋಟೋ ತೆಗೆಯೋಕೆ ಇಷ್ಟೊಂದು ಸಾಮಾನಾ?"

ಅವರು ಕೇಳೋದೂ ಸರಿಯೇ. ಬೆನ್ನಿಗೊಂದು ಬ್ಯಾಗು, ಹೆಗಲಿಗೊಂದು ಬ್ಯಾಗು, ಕೈಯಲ್ಲಿ ಲೈಟ್ ಸ್ಟ್ಯಾಂಡು, ಕಂಕುಳಲ್ಲಿ ಬಿಳಿ ಕೊಡೆ. ಹಿಂದೆ ನಮ್ಮ ಹುಡುಗ ಎಕ್ಸ್‌ಟೆನ್ಷನ್ ವೈರನ್ನು ಹೂಮಾಲೆಯ ಹಾಗೆ ಕೊರಳಿಗೆ ಹಾಕಿಕೊಂಡು ಬರುತ್ತಿರುತ್ತಾನೆ. ತಿಪಟೂರಿನ ಹತ್ತಿರ ಒಂದು ಮದುವೆಯಲ್ಲಿ, ಅಡುಗೆಯವರ ಕಡೆಯವರು ಅಂದುಕೊಂಡು ನಮ್ಮನ್ನು ಸೀದಾ ಹಿಂದಿನ ಬಾಗಿಲಿಗೆ ಕಳಿಸಿದ್ದರು. ಬಿಸಿ ಉಪ್ಪಿಟ್ಟು ಸಿಕ್ಕಿತು, ಬೇಜಾರೇನಿಲ್ಲ.

ಕ್ಯಾಮೆರಾ ಎರಡು. ಒಂದಕ್ಕೆ ಹತ್ತಿರದವರನ್ನು ಹಿಡಿಯುವ 24-70 ಲೆನ್ಸು, ಇನ್ನೊಂದಕ್ಕೆ ದೂರದವರನ್ನು ಹತ್ತಿರ ಎಳೆಯುವ 70-200. ಈ ಎರಡನೆಯದು ಒಂದೇ ಸುಮಾರು ಒಂದೂವರೆ ಕೆಜಿ ತೂಗುತ್ತದೆ. ರಿಸೆಪ್ಷನ್ ಮುಗಿಯುವ ಹೊತ್ತಿಗೆ ಬಲಗೈ ನನ್ನ ಮಾತು ಕೇಳೋದು ಬಿಟ್ಟಿರುತ್ತದೆ. ಇವೆಲ್ಲ ದುಡ್ಡು ಕೊಟ್ಟು ಕೊಂಡದ್ದು. ಬ್ಯಾಗಿನಲ್ಲಿರುವ ಉಳಿದ ಸಾಮಾನು ಹಾಗಲ್ಲ. ಅದೆಲ್ಲ ಮಾನ ಕಳೆದುಕೊಂಡು ಸಂಪಾದಿಸಿದ್ದು.

ಪ್ಲಗ್ ಅಡಾಪ್ಟರನ್ನೇ ನೋಡಿ. ಹಳೇ ಛತ್ರಗಳಲ್ಲಿ ಮಂಟಪದ ಹತ್ತಿರ ಇರೋದು ದಪ್ಪ ತೂತಿನ 15 ಆ್ಯಂಪ್ ಸಾಕೆಟ್ಟು. ನನ್ನ ವೈರಿನ ತುದಿಯಲ್ಲಿರೋದು ಸಣ್ಣ ಪಿನ್ನು. ಒಮ್ಮೆ ಎಲ್ಲೂ ಜಾಗ ಸಿಗದೆ, ಮೂಲೆಯಲ್ಲಿ ಸುಮ್ನೆ ಇದ್ದ ಯಾವುದೋ ಪ್ಲಗ್ ಕಿತ್ತು ನನ್ನದನ್ನು ಚುಚ್ಚಿದೆ. ಅದು ವಾಲಗದವರ ಶ್ರುತಿ ಪೆಟ್ಟಿಗೆ. ನಾದಸ್ವರದವರು ಊದುತ್ತಲೇ ನನ್ನ ಕಡೆ ತಿರುಗಿ ನೋಡಿದ ನೋಟ ಇವತ್ತಿಗೂ ಕನಸಿನಲ್ಲಿ ಬರುತ್ತದೆ. ಮಾರನೇ ದಿನವೇ ಅಡಾಪ್ಟರ್ ಕೊಂಡೆ.

ಬ್ಯಾಗಿನ ತಳದಲ್ಲಿ ಒಂದು ಪಂಚೆಯೂ ಇದೆ. ಕರಾವಳಿಯ ದೇವಸ್ಥಾನವೊಂದರಲ್ಲಿ ಮದುವೆ ಇತ್ತು. ಅಲ್ಲಿ ಗಂಡಸರು ಅಂಗಿ ಬಿಚ್ಚಲೇಬೇಕು. ಅಂಗಿ ಬಿಚ್ಚಿ, ಯಾರದೋ ಪಂಚೆ ಉಟ್ಟ ಮೇಲೆ ಹೊಳೆಯಿತು, ಇನ್ನು ನನಗೆ ಜೇಬೇ ಇಲ್ಲ! ಮೆಮೊರಿ ಕಾರ್ಡನ್ನು ಸೊಂಟದ ಮಡಿಯಲ್ಲಿ ಸಿಕ್ಕಿಸಿಕೊಂಡೆ. ಎರಡು ಸಲ ಬಗ್ಗಿದ್ದಷ್ಟೇ. ಹಿಂದಿನ ದಿನದ ಮೆಹಂದಿಯ ಫೋಟೋಗಳೆಲ್ಲ ಇದ್ದ ಆ ಕಾರ್ಡು ಕೊನೆಗೆ ಅಕ್ಷತೆಯ ತಟ್ಟೆಯಲ್ಲಿ ಸಿಕ್ಕಿತು. ಸ್ವಲ್ಪ ತಡವಾಗಿದ್ದರೆ ಮದುಮಕ್ಕಳ ತಲೆ ಮೇಲೆ ಬೀಳುತ್ತಿತ್ತು.

ಆದರೆ ನಾನು ಹೇಳಬೇಕಾದದ್ದು ಸೆಲ್ಲಿನ ಕತೆ.

ನನ್ನ ಫ್ಲಾಶಿಗೆ ನಾಲ್ಕು ಪೆನ್ ಸೆಲ್ಲು ಬೇಕು. ಚಾರ್ಜ್ ಮಾಡುವ ಸೆಲ್ಲು ಒಂದು ಡಜನ್ ಇಟ್ಟುಕೊಂಡಿದ್ದೇನೆ. ಡಬ್ಬಿಯಲ್ಲಿ ಚಾರ್ಜ್ ಆದದ್ದರ ತಲೆ ಮೇಲೆ, ಖಾಲಿಯಾದದ್ದರ ತಲೆ ಕೆಳಗೆ. ಇದು ನಮ್ಮ ಕಾನೂನು. ಒಂದು ಮದುವೆಗೆ ಹೋಗುವಾಗ ಬಸ್ಸಿನಲ್ಲಿ ಡಬ್ಬಿ ಬಿದ್ದು ಸೆಲ್ಲೆಲ್ಲ ಚೆಲ್ಲಾಪಿಲ್ಲಿಯಾಗಿತ್ತು. ನಮ್ಮ ಹುಡುಗ ಪಾಪ, ಸೀಟಿನಡಿ ತೂರಿ ಒಂದೂ ಬಿಡದೆ ಆರಿಸಿ, ಎಲ್ಲದರ ತಲೆಯನ್ನೂ ಮೇಲೆ ಮಾಡಿ ಜೋಡಿಸಿಟ್ಟಿದ್ದ.

"ಯಾಕೋ ಹೀಗೆ ಮಾಡ್ದೆ?"

"ಚೆನ್ನಾಗಿ ಕಾಣ್ಲಿ ಅಂತ, ಅಣ್ಣ."

ಮುಹೂರ್ತ 9.45ರಿಂದ 10.30ರವರೆಗೆ, ಮಿಥುನ ಲಗ್ನ. ಆಗಲೇ ಒಂಬತ್ತೂ ಮುಕ್ಕಾಲು. ಫ್ಲಾಶು ಕುಂಯ್ ಅಂತ ಒಂದು ಸಲ ನರಳಿ ಸುಮ್ಮನಾಯಿತು. ಹನ್ನೆರಡನ್ನೂ ಹಾಕಿ ತೆಗೆದು ನೋಡಿದೆ. ಜೀವ ಇದ್ದದ್ದು ಮೂರಕ್ಕೆ. ಛತ್ರ ಊರ ಹೊರಗೆ, ಹತ್ತಿರದಲ್ಲಿ ಒಂದು ಬೀಡಾ ಅಂಗಡಿಯೂ ಇಲ್ಲ. ಅಪ್ಪನ ಕಾಲವಾದರೆ ಬೇರೆ. 12 ಫೋಟೋದ ರೋಲು ಅವರದು. ಮಂಟಪ ಹತ್ತಿದ ನೆಂಟರಿಗೆಲ್ಲ ರೋಲು ಖರ್ಚು ಮಾಡದೆ ಬರೀ ಫ್ಲಾಶ್ ಹೊಡೆದು ಕಳಿಸುತ್ತಿದ್ದರು, ಅವರೂ ಖುಷಿಯಾಗಿ ಊಟಕ್ಕೆ ಹೋಗುತ್ತಿದ್ದರು. ಅಪ್ಪನಿಗೆ ಫ್ಲಾಶ್ ಇದ್ದು ಫೋಟೋ ಇರಲಿಲ್ಲ, ನನಗೆ ಫೋಟೋ ಇದ್ದು ಫ್ಲಾಶ್ ಇಲ್ಲ.

ಆಗ ಕಣ್ಣಿಗೆ ಬಿದ್ದದ್ದು ಮಂಟಪದ ಪಕ್ಕದ ಕಂಬದಲ್ಲಿದ್ದ ಗೋಡೆ ಗಡಿಯಾರ. ಅದರ ಬೆನ್ನಲ್ಲಿ ಒಂದು ಪೆನ್ ಸೆಲ್ ಇರಲೇಬೇಕು. ಮದುವೆಯಲ್ಲಿ ಬೇರೆ ಯಾರು ಕುರ್ಚಿ ಹತ್ತಿದರೂ "ಇಳೀರಿ, ಬೀಳ್ತೀರಿ" ಅನ್ನುತ್ತಾರೆ. ಫೋಟೋದವನು ಹತ್ತಿದರೆ ಸೆರಗು ಸರಿ ಮಾಡಿಕೊಳ್ಳುತ್ತಾರೆ ಅಷ್ಟೇ. ಹತ್ತಿದೆ, ಗಡಿಯಾರದ ಹಿಂದೆ ಕೈ ಹಾಕಿದೆ, ಸೆಲ್ಲು ಕಿತ್ತುಕೊಂಡು ಇಳಿದೆ. ಫ್ಲಾಶಿನ ಕೆಂಪು ದೀಪ ಹತ್ತಿಕೊಂಡಿತು. ಆಹಾ!

ಪುರೋಹಿತರು ಟೈಮ್ ನೋಡುತ್ತಿದ್ದದ್ದು ಅದೇ ಗಡಿಯಾರದಲ್ಲಿ.

ಪ್ರತಿ ಸಲ ತಲೆ ಎತ್ತಿ ನೋಡಿದಾಗಲೂ 9.50. ಸಮಾಧಾನದಿಂದ ತಲೆ ಆಡಿಸಿ ಮುಂದುವರಿಸುತ್ತಿದ್ದರು. ಇವತ್ತು ಬೇಕಾದಷ್ಟು ಟೈಮಿದೆ ಅನ್ನಿಸಿತೋ ಏನೋ, ಒಂದೊಂದು ಮಂತ್ರದ ಅರ್ಥವನ್ನೂ ಗಂಡಿಗೆ ಬಿಡಿಸಿ ಹೇಳತೊಡಗಿದರು. ನನಗೆ ವಿಷಯ ಗೊತ್ತಾದದ್ದು ಹುಡುಗಿಯ ಸೋದರಮಾವ ಮೊಬೈಲ್ ಹಿಡಿದು ಓಡಿ ಬಂದಾಗ. "ಸ್ವಾಮೀ, ಹತ್ತೂ ಇಪ್ಪತ್ನಾಲ್ಕು!"

ಆಮೇಲೆ ಮಂತ್ರಗಳು ಮಳೆ ಬಂದ ಹಾಗೆ ಬಂದವು. ಅಂತರಪಟ ಸರಕ್ಕನೆ ಕೆಳಗಿಳಿಯಿತು, ಜೀರಿಗೆ ಬೆಲ್ಲ ಯಾರ ತಲೆಗೆ ಯಾರು ಹಾಕಿದರೋ ದೇವರೇ ಬಲ್ಲ. ಗಟ್ಟಿಮೇಳ ಶುರುವಾದಾಗ ನಾನು ಲೆನ್ಸು ಬದಲಿಸುತ್ತಿದ್ದೆ. ಆ ಬಡ ಸೆಲ್ಲಿನ ಪುಣ್ಯಕ್ಕೆ ಫ್ಲಾಶು ಐದು ಸೆಕೆಂಡಿಗೊಮ್ಮೆ ಮಿಂಚುತ್ತಿತ್ತು. ಮೂರು ಗಂಟು ಹಾಕುವಷ್ಟರಲ್ಲಿ ಎರಡು ಸಲ ಮಿಂಚಿತು, ಸಾಕಾಯಿತು. ಆಗ 10.28.

ಸೆಲ್ಲನ್ನು ವಾಪಸ್ ಹಾಕೋದು ಮರೆತೇ ಹೋಯಿತು. ಈಗ ಬ್ಯಾಗಿನ ಸಣ್ಣ ಜೇಬಿನಲ್ಲಿ 'ಗಡಿಯಾರ' ಅಂತ ಬರೆದ ಒಂದು ಹೊಸ ಸೆಲ್ಲು ಬೇರೆಯಾಗೇ ಇರುತ್ತದೆ.

ಒಂದು ತಿಂಗಳಾದ ಮೇಲೆ ಆಲ್ಬಂ ಕೊಡಲು ಹೋದೆ. ಹುಡುಗಿಯ ಅಜ್ಜ ಕನ್ನಡಕ ಏರಿಸಿಕೊಂಡು ಒಂದೊಂದೇ ಪುಟ ನೋಡಿದರು. ಮಾಂಗಲ್ಯ ಕಟ್ಟುವ ಫೋಟೋ ಬಂದಾಗ ಬೆರಳಿಟ್ಟು ನನಗೇ ತೋರಿಸಿದರು.

"ತಡ ಆಯ್ತು, ತಡ ಆಯ್ತು ಅಂತ ಗಂಡಿನ ಕಡೆಯೋರು ಸುಮ್ನೆ ಆಡ್ಕೋತಾರೆ. ನೋಡಿ, ಗಡಿಯಾರದಲ್ಲಿ 9.50. ಫೋಟೋ ಸುಳ್ಳು ಹೇಳತ್ತಾ?"

"ಎಲ್ಲಾದ್ರೂ ಉಂಟೇ ಯಜಮಾನ್ರೇ" ಅಂದೆ.

ಅಜ್ಜ ಪುಟ ತಿರುವುತ್ತಾ ಹೋದರು. ಇನ್ನು ನಾಲ್ಕು ಪುಟ ದಾಟಿದರೆ ಹೆಣ್ಣೊಪ್ಪಿಸುವ ಶಾಸ್ತ್ರ. ಸಂಜೆ ಹೊತ್ತು, ಅಮ್ಮ ಮಗಳು ತಬ್ಬಿಕೊಂಡು ಅಳುತ್ತಿದ್ದಾರೆ. ಅವರ ತಲೆ ಮೇಲೆ ಅದೇ ಗಡಿಯಾರ, ಅದೇ 9.50.

ನಾನು ಗಂಟಲು ಸರಿ ಮಾಡಿಕೊಂಡು ಬಾಕಿ ದುಡ್ಡಿನ ಮಾತು ತೆಗೆದೆ.

ಅಜ್ಜ ತಕ್ಷಣ ಆಲ್ಬಂ ಮುಚ್ಚಿದರು.