ದೊಡ್ಡಮ್ಮನ ಕಾಗದ, ಬಾರ್ಪೇಟೆಯ ಹುಡುಗನ ಕಾಗದ

ಹೋದ ವಾರ ಕೊಡಗಿನ ಸುಂಟಿಕೊಪ್ಪದಲ್ಲಿ ನಮ್ಮ ತೋಟದ ಕೆಲಸದವರ ಲೈನ್ ಮನೆಯಲ್ಲಿ ಒಬ್ಬ ಹುಡುಗ ಅಕ್ಕಿ ಡಬ್ಬಿ ತಂದು ನನ್ನ ಮುಂದೆ ಇಟ್ಟ. ಒಳಗೆ ಅಕ್ಕಿ ಇರಲಿಲ್ಲ, ಒಂದು ಪ್ಲಾಸ್ಟಿಕ್ ಕವರಿತ್ತು. ಅದರೊಳಗೆ ಇನ್ನೊಂದು ಕವರು, ಅದರಲ್ಲಿ ಕಾಗದಗಳು. ಆಧಾರ್, ಶಾಲೆಯ ಸರ್ಟಿಫಿಕೇಟು, ತಾತನ ಹೆಸರಿರುವ ಹಳೇ ವೋಟರ್ ಲಿಸ್ಟಿನ ಜೆರಾಕ್ಸ್. ಅಸ್ಸಾಮಿನ ಬಾರ್ಪೇಟೆ ಕಡೆಯವನು. ಮೂರು ವರ್ಷದಿಂದ ಕಾಫಿ ಕೊಯ್ಲಿಗೆ ಬರುತ್ತಾನೆ. ತಾನು ಈ ದೇಶದವನು ಅನ್ನೋ ದಾಖಲೆಯನ್ನು ಠಾಣೆಗೆ ತೋರಿಸಬೇಕು ಅಂತ ಸುದ್ದಿ ಬಂದಾಗಿನಿಂದ ಅವನಿಗೆ ಸರಿಯಾಗಿ ನಿದ್ದೆ ಇಲ್ಲ. ಅಪ್ಪನ ಹೆಸರು ಒಂದು ಕಾಗದದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇದೆ. "ಅಣ್ಣಾ, ಇದು ಸಾಕಾಗುತ್ತಾ?" ಅಂತ ಕೇಳಿದ.

ನನಗೆ ತಕ್ಷಣ ನೆನಪಾಗಿದ್ದು ಮಕ್ಕಂದೂರು ಕಡೆ ಇದ್ದ ನಮ್ಮ ದೊಡ್ಡಮ್ಮ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ಉಟ್ಟ ಸೀರೆಯಲ್ಲೇ ಹೊರಗೆ ಬಂದವರು ಅವರು. ಮನೆ, ಹಟ್ಟಿ, ಅರ್ಧ ತೋಟ ಎಲ್ಲಾ ಹೋಯ್ತು. ಬೀರುವಿನಲ್ಲಿದ್ದ ಪಹಣಿ, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕೂ ಹೋಯ್ತು. ಮಡಿಕೇರಿಯ ಪರಿಹಾರ ಕೇಂದ್ರದಲ್ಲಿ ಯಾರೋ ಬಿಳಿ ಹಾಳೆಯ ಮೇಲೆ ಹೆಸರು ಬರೆದುಕೊಂಡರು. ಇವರು ನಮ್ಮೂರಿನವರು ಅಂತ ಪಕ್ಕದ ಮನೆಯವರು ಹೇಳಿದರು. ಅಷ್ಟೇ ಸಾಕಾಯ್ತು. ನೀವು ಈ ದೇಶದವರು ಅನ್ನೋದಕ್ಕೆ ಏನು ಸಾಕ್ಷಿ ಅಂತ ದೊಡ್ಡಮ್ಮನನ್ನು ಯಾರೂ ಕೇಳಲಿಲ್ಲ. ಸಂಜೆ ಹೊರಗೆ ಹೋಗಿ ಕೂತು ಬರಬೇಕು ಅನ್ನಿಸಿದರೆ ಹೋಗುತ್ತಿದ್ದರು. ಬಾಗಿಲಿಗೆ ಬೀಗ ಇರಲಿಲ್ಲ.

ಬ್ರಹ್ಮಪುತ್ರ ವರ್ಷ ವರ್ಷವೂ ಜನರ ಮನೆ ನುಂಗುತ್ತದೆ. ಈ ಹುಡುಗನ ತಾತನ ಊರೇ ಈಗ ನದಿಯೊಳಗೆ ಇದೆಯಂತೆ. ಆದರೆ ಅವನ ಪರವಾಗಿ ಸಾಕ್ಷಿ ಹೇಳುವ ಪಕ್ಕದ ಮನೆಯವರು ಸುಂಟಿಕೊಪ್ಪದಲ್ಲಿ ಯಾರಿದ್ದಾರೆ?

ನಮ್ಮ ದೇಶದಲ್ಲಿ ಒಬ್ಬ ಕಳ್ಳತನ ಮಾಡಿದ ಅಂದರೆ ಅದನ್ನು ಸಾಬೀತು ಮಾಡಬೇಕಾದವರು ಪೊಲೀಸರು. ವಿದೇಶಿ ಅನ್ನುವ ಅನುಮಾನ ಬಂದರೆ ಲೆಕ್ಕ ತಿರುಗುಮುರುಗು. ತಾನು ವಿದೇಶಿ ಅಲ್ಲ ಅಂತ ಆ ಮನುಷ್ಯನೇ ತೋರಿಸಬೇಕು. 1946ರ ವಿದೇಶಿಯರ ಕಾಯ್ದೆಯಲ್ಲಿ ಹಾಗಿತ್ತು, 2025ರ ಹೊಸ ಕಾಯ್ದೆಯಲ್ಲೂ ಹಾಗೇ ಇದೆ. ಕಾಗುಣಿತದ ಸಣ್ಣಪುಟ್ಟ ವ್ಯತ್ಯಾಸ ಹಿಡಿದುಕೊಂಡು ಒಬ್ಬನನ್ನು ವಿದೇಶಿ ಅನ್ನುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ. ಆ ಮಾತು ಹುಡುಗನಿಗೆ ಹೇಳಿದೆ. ಅವನಿಗೆ ಧೈರ್ಯ ಬರಲಿಲ್ಲ. ಕೋರ್ಟಿನವರೆಗೆ ಹೋಗೋದಕ್ಕೆ ಯಾರ ಹತ್ತಿರ ದುಡ್ಡಿದೆ, ಅಲ್ವಾ?

ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಆಗೋದು ಕೂಡಿಹಾಕುವ ವಿಷಯದಲ್ಲಿ. ದರೋಡೆ ಮಾಡಿದವನಿಗೂ ಕೋರ್ಟು ಇಷ್ಟು ವರ್ಷ ಅಂತ ಶಿಕ್ಷೆ ಹೇಳುತ್ತದೆ. ವಿದೇಶಿ ಅಂತ ಹಿಡಿದವರನ್ನು ಇಡುವ ಡಿಟೆನ್ಷನ್ ಸೆಂಟರ್‌ನಲ್ಲಿ ಇರುವವನಿಗೆ ಬಿಡುಗಡೆಯ ದಿನ ಗೊತ್ತಿಲ್ಲ. ಅವನನ್ನು ಕರೆದುಕೊಳ್ಳುತ್ತೇವೆ ಅಂತ ಯಾವ ದೇಶವೂ ಹೇಳದಿದ್ದರೆ ಅವನು ಒಳಗೇ. ಮೂರು ವರ್ಷ ಮುಗಿಸಿದವರನ್ನು ಷರತ್ತಿನ ಮೇಲೆ ಬಿಡಬಹುದು ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು, ಮುಂದಿನ ವರ್ಷ ಅದನ್ನು ಎರಡು ವರ್ಷಕ್ಕೆ ಇಳಿಸಿತು. ಕೋರ್ಟು ಹೇಳುವವರೆಗೂ ಆ ಲೆಕ್ಕವೇ ಇರಲಿಲ್ಲ. 2025ರ ಫೆಬ್ರವರಿಯಲ್ಲಿ ಅಸ್ಸಾಮಿನ ಮಾಟಿಯಾ ಕೇಂದ್ರದಲ್ಲಿದ್ದ 63 ಜನರ ವಿಷಯ ಸುಪ್ರೀಂ ಕೋರ್ಟ್ ಮುಂದೆ ಬಂತು. ಅವರ ದೇಶದಲ್ಲಿನ ವಿಳಾಸ ಗೊತ್ತಿಲ್ಲ, ಅದಕ್ಕೆ ವಾಪಸ್ ಕಳಿಸಿಲ್ಲ ಅಂತ ಅಸ್ಸಾಂ ಸರ್ಕಾರ ಹೇಳಿತು. ಮುಹೂರ್ತಕ್ಕೆ ಕಾಯುತ್ತಿದ್ದೀರಾ ಅಂತ ನ್ಯಾಯಮೂರ್ತಿಗಳು ಕೇಳಿದರು. ಅದನ್ನು ಓದಿದ ದಿನ ನಾನು ತುಂಬ ಹೊತ್ತು ಸುಮ್ನೆ ಕೂತಿದ್ದೆ.

ಇದು ಎಲ್ಲೋ ಅಸ್ಸಾಮಿನ ಕಥೆ ಅಂದುಕೊಳ್ಳಬೇಡಿ. ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲೂ ಇಂಥದ್ದೊಂದು ಕೇಂದ್ರ ಮಾಡಿದ್ದಾರೆ. ಮೊದಲು ಅದು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲು. ಮಕ್ಕಳು ಓದುತ್ತಿದ್ದ ಕೋಣೆಗಳು.

ಹುಡುಗನದ್ದು ಕಾಗದದ ಕಷ್ಟ. ಜೀವ ಉಳಿಸಿಕೊಳ್ಳಲು ಗಡಿ ದಾಟಿ ಬಂದವರ ಕಷ್ಟ ಇನ್ನೂ ದೊಡ್ಡದು. ನಿರಾಶ್ರಿತರ ಬಗ್ಗೆ 1951ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆಶ್ರಯ ಕೇಳುವವರಿಗಾಗಿಯೇ ಒಂದು ಕಾನೂನೂ ನಮ್ಮಲ್ಲಿಲ್ಲ. ಹಾಗಾಗಿ ಬರ್ಮಾದಿಂದ ಓಡಿಬಂದ ರೋಹಿಂಗ್ಯಾ ತಾಯಿಯ ಕೈಯಲ್ಲಿ ವಿಶ್ವಸಂಸ್ಥೆಯ ಕಾರ್ಡಿದ್ದರೂ ನಮ್ಮ ಲೆಕ್ಕದಲ್ಲಿ ಅವಳು ಅಕ್ರಮವಾಗಿ ಬಂದವಳು.

ಕಾನೂನು ಇಲ್ಲದೆಯೂ ನಾವು ಒಳ್ಳೆಯದು ಮಾಡಿದ್ದೇವೆ. ಕುಶಾಲನಗರದ ಸೇತುವೆ ದಾಟಿದರೆ ಕೊಪ್ಪ, ಅಲ್ಲಿಂದ ಮುಂದೆ ಬೈಲುಕುಪ್ಪೆ. 1959ರಲ್ಲಿ ದಲೈ ಲಾಮಾ ಬಂದ ಮೇಲೆ ಅವರ ಹಿಂದೆ ಬಂದ ಟಿಬೆಟಿನ ಜನರಿಗೆ ಮೈಸೂರು ರಾಜ್ಯ ಅಲ್ಲಿ ಭೂಮಿ ಕೊಟ್ಟಿತು. ಅವರು ಕಾಡು ಕಡಿದು, ಆನೆ ಕಾಟ ತಡೆದುಕೊಂಡು ಜೋಳ ಬೆಳೆದರು. ಚಿಕ್ಕವನಿದ್ದಾಗ ನನ್ನ ಸ್ವೆಟರು ಅವರ ಅಂಗಡಿಯದ್ದೇ. ಇವತ್ತು ನೆಂಟರು ಬಂದರೆ ನಾವೇ ಕರೆದುಕೊಂಡು ಹೋಗಿ ಅವರ ಗೋಲ್ಡನ್ ಟೆಂಪಲ್ ತೋರಿಸುತ್ತೇವೆ. ಅವರನ್ನು ಬೇಲಿಯೊಳಗೆ ಕೂಡಿಹಾಕಿದ್ದರೆ ಏನಾಗುತ್ತಿತ್ತು ಅಂತ ಸ್ವಲ್ಪ ಯೋಚನೆ ಮಾಡಿ.

ನಮ್ಮ ಬೆಳೆಗಾರರ ವಾಟ್ಸಾಪ್ ಗ್ರೂಪಿನಲ್ಲಿ ಇದನ್ನೆಲ್ಲ ಹೇಳಿದಾಗ ಒಬ್ಬರು ಸಿಟ್ಟಾದರು. ಗಡಿ ಅನ್ನೋದು ಬೇಡವಾ, ಸುಳ್ಳು ಆಧಾರ್ ಮಾಡಿಸಿಕೊಂಡು ಬರುವವರು ಇಲ್ಲವಾ ಅಂದರು. ಇದ್ದಾರೆ. ಗಡಿಯೂ ಬೇಕು, ದಾಖಲೆಯೂ ನೋಡಲಿ. ತಪ್ಪು ಮಾಡಿದವರ ಮೇಲೆ ಕೇಸು ಹಾಕಲಿ. ಆದರೆ ವಿಚಾರಣೆಗೆ ಒಂದು ಗಡುವಿರಲಿ, ಒಬ್ಬ ವಕೀಲರು ಸಿಗಲಿ. ಅಲ್ಲಿಯವರೆಗೆ ವಾರಕ್ಕೊಮ್ಮೆ ಠಾಣೆಗೆ ಬಂದು ಸಹಿ ಹಾಕು ಅಂದರೆ ಸಾಲದಾ? ತಾಯಿ ಮಗುವನ್ನು ಕಂಬಿಯ ಹಿಂದೆ ಯಾಕೆ ಇಡಬೇಕು? ಸಂವಿಧಾನದ 21ನೇ ವಿಧಿ ಜೀವದ ಹಕ್ಕನ್ನು ನಾಗರಿಕರಿಗೆ ಮಾತ್ರ ಕೊಟ್ಟಿಲ್ಲ, ಈ ನೆಲದ ಮೇಲಿರುವ ಎಲ್ಲರಿಗೂ ಕೊಟ್ಟಿದೆ. ಅರುಣಾಚಲಕ್ಕೆ ನಿರಾಶ್ರಿತರಾಗಿ ಬಂದಿದ್ದ ಚಕ್ಮಾ ಜನರ ಪ್ರಕರಣದಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಗ್ರೂಪಿನಲ್ಲಿ ಸಿಟ್ಟಾದವರು ಇದಕ್ಕೆ ಉತ್ತರ ಕೊಡಲಿಲ್ಲ. ಅವರ ತೋಟದ ಕಾಫಿಯನ್ನೂ ಕೊಯ್ಯುತ್ತಿರುವುದು ಇದೇ ಅಸ್ಸಾಮಿನ ಜನ.

ಸೋಮವಾರ ಹುಡುಗ ಠಾಣೆಗೆ ಹೋಗಬೇಕು. ನಾನೂ ಜೊತೆಗೆ ಹೋಗುತ್ತಿದ್ದೇನೆ. ದೊಡ್ಡಮ್ಮನಿಗೆ ವಿಷಯ ಹೇಳಿದೆ. ನಾನೂ ಬರ್ತೇನೆ, ಮೂರು ವರ್ಷದಿಂದ ಇವನನ್ನು ನೋಡಿದ್ದೇನೆ ಅಂತ ನಾನೇ ಹೇಳ್ತೇನೆ ಅಂದರು.